ಬೀಟ್ ಸಭೆ ಅರಳಿಕಟ್ಟೆಯಲ್ಲಿ ನಡೆದರೆ ಹೆಣ್ಣುಮಕ್ಕಳು ಎಲ್ಲಿ ನಿಲ್ಲಬೇಕು?

ಪ್ರೌಢಶಾಲಾ ಶಿಕ್ಷಕಿ, ಚಿಕ್ಕಬಳ್ಳಾಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಹೋಬಳಿ ಕೇಂದ್ರದ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಎರಡು ವರ್ಷಗಳಿಂದ ನಮ್ಮೂರಿನ ಪೊಲೀಸ್ ಬೀಟ್ ಸಮಿತಿಯಲ್ಲಿ, ಅಂದರೆ ಒಬ್ಬ ಪೊಲೀಸ್ ಸಿಬ್ಬಂದಿಗೆ ವಹಿಸಿದ ಪ್ರದೇಶದ (ಬೀಟ್) ನಾಗರಿಕರ ಸಮಿತಿಯಲ್ಲಿ, ನನ್ನ ಹೆಸರೂ ಇದೆ. ಹದಿನೆಂಟು ಮಂದಿಯ ಆ ಸಮಿತಿಯಲ್ಲಿ ಹೆಂಗಸರು ಇಬ್ಬರೇ, ನಾನು ಮತ್ತು ಅಂಗನವಾಡಿ ಕಾರ್ಯಕರ್ತೆ. ಸಭೆ ನಡೆಯುವುದು ಅರಳಿಕಟ್ಟೆಯಲ್ಲಿ, ಸಂಜೆ ಏಳರ ಮೇಲೆ. ಪಂಪ್‌ಸೆಟ್ಟಿನ ಕೇಬಲ್ ಕಳವು, ಇಸ್ಪೀಟು, ಬೈಕಿನಲ್ಲಿ ಮೂವರು ಕೂತು ಹೋಗುವ ಹುಡುಗರು, ಸಿಸಿಟಿವಿಗೆ ಚಂದಾ, ಇವಿಷ್ಟರ ಮೇಲೆ ಮಾತು ಮುಗಿಯುತ್ತದೆ. ಇವೆಲ್ಲ ಬೇಕಾದ ಮಾತುಗಳೇ, ಅದರಲ್ಲಿ ನನಗೆ ತಕರಾರಿಲ್ಲ.

ಕಳೆದ ಸಭೆಯಲ್ಲಿ ನಾನು ಒಂದು ವಿಷಯ ಎತ್ತಿದೆ. ಹತ್ತನೇ ತರಗತಿಯ ಮಕ್ಕಳಿಗೆ ವಿಶೇಷ ತರಗತಿ ಮುಗಿಯುವಾಗ ಆರು ಗಂಟೆಯಾಗುತ್ತದೆ, ಆಮೇಲೆ ಹುಡುಗಿಯರು ಬಸ್ ನಿಲ್ದಾಣದವರೆಗೆ ನಡೆದು ಹೋಗುವ ದಾರಿಯಲ್ಲಿ ಕೆಲವರು ನಿಂತು ಮಾತಾಡಿಸುತ್ತಾರೆ, ಹಿಂಬಾಲಿಸುತ್ತಾರೆ ಎಂದು ಹೇಳಿದೆ. ಬಂದಿದ್ದ ಅಧಿಕಾರಿ ಒಳ್ಳೆಯ ಮನುಷ್ಯರು. ನನ್ನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಬಹಳ ಸೌಮ್ಯವಾಗಿ, "ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಬೇಕು ಮೇಡಂ, ತಂದೆತಾಯಿಗಳಿಗೆ ನೀವೇ ಬುದ್ಧಿ ಹೇಳಿ" ಎಂದರು. ಕಟ್ಟೆಯ ಮೇಲಿದ್ದ ಹಿರಿಯರೆಲ್ಲ ತಲೆಯಾಡಿಸಿದರು. ಹಿಂಬಾಲಿಸುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಅವರು ಕೆಟ್ಟ ಮನಸ್ಸಿನಿಂದ ಆಡಿದ ಮಾತು ಅದಲ್ಲ. ನಮ್ಮ ಊರಿನ ಯಾವುದೇ ಗಂಡಸು ಹೇಳಬಹುದಾದ ಮಾತನ್ನೇ ಅವರೂ ಹೇಳಿದರು, ನನ್ನನ್ನು ಕಾಡುತ್ತಿರುವುದೂ ಅದೇ. 2017ರ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದು, ಠಾಣೆಯ ಪ್ರತಿಯೊಬ್ಬ ಸಿಬ್ಬಂದಿಗೂ ಒಂದೊಂದು ಬೀಟ್ ಹಂಚಿದಾಗ, ಪೊಲೀಸರು ಜನರ ಹತ್ತಿರ ಬರುತ್ತಾರೆ ಎಂದು ನಾವೆಲ್ಲ ಸಂತೋಷಪಟ್ಟೆವು. 2025ರ ಜುಲೈನಲ್ಲಿ, ಪೊಲೀಸರೇ ಮನೆಗಳಿಗೆ ಬಂದು ತೊಂದರೆ ವಿಚಾರಿಸುವ 'ಮನೆ ಮನೆಗೆ ಪೊಲೀಸ್' ಆರಂಭವಾದಾಗಲೂ ಅದೇ ಭರವಸೆ ಇತ್ತು. ಆದರೆ ಪೊಲೀಸರು ಹತ್ತಿರ ಬಂದದ್ದು ಊರಿನ ಯಾರ ಹತ್ತಿರಕ್ಕೆ? ಕಟ್ಟೆಯ ಮೇಲೆ ಕೂರುವವರಿಗೆ ಹತ್ತಿರವಾದಷ್ಟೂ ಕಟ್ಟೆಯ ಮೇಲೆ ಕೂರಲಾಗದವರಿಗೆ ದೂರವಾಗುತ್ತಿದ್ದಾರೆಯೇ? ಇಲಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಬಿಚ್ಚುಮನಸ್ಸಿನಿಂದ ಹೇಳಬೇಕು.

ನಿವೃತ್ತ ಎಎಸ್‌ಐ, ತುಮಕೂರು

ಮೇಡಂ, ಮೂವತ್ತಕ್ಕೂ ಹೆಚ್ಚು ವರ್ಷ ಖಾಕಿ ತೊಟ್ಟವನು ನಾನು. ಮೊದಲು ಇಲಾಖೆಯ ಪರವಾಗಿ ಎರಡು ಮಾತು ಹೇಳಲು ಅವಕಾಶ ಕೊಡಿ.

2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 21 ರಾಜ್ಯಗಳ ಸುಮಾರು 12,000 ಪೊಲೀಸ್ ಸಿಬ್ಬಂದಿಯನ್ನು ಮಾತಾಡಿಸಿ ಪ್ರಕಟಿಸಿದ ವರದಿಯಲ್ಲಿ, ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ ಎಂದಿದೆ. ನನ್ನ ಅನುಭವಕ್ಕೆ ಅದು ಹೆಚ್ಚೇನೂ ಅನಿಸಲಿಲ್ಲ. ಜಾತ್ರೆಯ ಬಂದೋಬಸ್ತ್ ಮುಗಿಸಿ, ನೈಟ್ ಬೀಟ್ ಮುಗಿಸಿ ಠಾಣೆಗೆ ಬಂದವನ ಮುಂದೆ ಗಂಡ ಹೆಂಡಿರ ಜಗಳದ ಅರ್ಜಿ ಬಂದರೆ, ಅದನ್ನು ಬೇಗ ಮುಗಿಸುವ ದಾರಿಯನ್ನೇ ಅವನು ಹುಡುಕುತ್ತಾನೆ. ಇಬ್ಬರನ್ನೂ ಕೂರಿಸಿ, ಹಿರಿಯರನ್ನು ಕರೆಸಿ, ಗಂಡನಿಂದ ಮುಚ್ಚಳಿಕೆ ಬರೆಸಿ, ಅರ್ಜಿ ಮುಗಿಯಿತೆಂದು ಹಿಂಬರಹ ಕೊಟ್ಟು ಕಳಿಸುವುದು ನಮ್ಮ ಕಾಲದಲ್ಲಿ ಪುಣ್ಯದ ಕೆಲಸ ಎನಿಸಿಕೊಂಡಿತ್ತು. ಸಂಸಾರ ಉಳಿಸಿದೆವು ಎಂದು ನಾವು ಮನಸಾರೆ ನಂಬಿದ್ದೆವು.

ಇನ್ನು ಆ ನಂಬಿಕೆ ನನಗೇಕೆ ಇಲ್ಲವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಒಬ್ಬ ಹೆಣ್ಣುಮಗಳು ನನ್ನ ಬಳಿಗೆ ಮೂರು ಸಲ ಬಂದಳು. ಮೊದಲ ಎರಡು ಸಲ ಮುಚ್ಚಳಿಕೆ ಬರೆಸಿದೆ. ಎರಡನೆಯ ಸಲ ಅವಳ ಅತ್ತೆ ಮಾವ, ಊರಿನ ಗೌಡರು, ಪಂಚಾಯ್ತಿ ಸದಸ್ಯರು ಎಲ್ಲರೂ ಬಂದಿದ್ದರು. "ಇನ್ನು ಹೀಗಾಗುವುದಿಲ್ಲ" ಎಂದು ಅಷ್ಟು ಜನ ಒಟ್ಟಾಗಿ ಹೇಳಿದಾಗ ನಾನು ಅವಳ ಮುಖ ನೋಡಲೇ ಇಲ್ಲ. ಮೂರನೆಯ ಸಲ ಅವಳು ಬಂದಾಗ ಬಲಗೈಗೆ ಪಟ್ಟಿ ಹಾಕಿತ್ತು, ಅರ್ಜಿಗೆ ಎಡಗೈಯಲ್ಲಿ ಹೆಬ್ಬೆಟ್ಟು ಒತ್ತಿದಳು. ನನ್ನನ್ನು ಅವಳು ಏನೂ ಅನ್ನಲಿಲ್ಲ. ಅಂದು ಎಫ್‌ಐಆರ್ ಆಯಿತು. ಅದು ಮೊದಲ ದಿನವೇ ಆಗಬೇಕಿತ್ತು.

ಆ ಗೌಡರು, ಆ ಸದಸ್ಯರು ಇಂದಿನ ಲೆಕ್ಕದಲ್ಲಿ ಬೀಟ್ ಸಮಿತಿಯವರೇ ಆಗುತ್ತಿದ್ದರು. ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಾವು ಊರಿನ ಮಾತು ಕೇಳಿದೆವು, ಅವಳ ಮಾತು ಕೇಳಲಿಲ್ಲ.

ವಕೀಲ, ಚಿಂತಾಮಣಿ

ಎಎಸ್‌ಐ ಸಾಹೇಬರ ಮಾತಿಗೆ ಕಾನೂನಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ರಾಜಿ ಎಂಬ ಪದ ಠಾಣೆಯಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದು ನಮ್ಮ ಕಚೇರಿಗೆ ಬರುವ ಕಾಗದಗಳಲ್ಲಿ ದಿನವೂ ಕಾಣುತ್ತದೆ.

ಸಂಜ್ಞೇಯ ಅಪರಾಧದ, ಅಂದರೆ ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದೇ ತೀರ್ಪು ಕೌಟುಂಬಿಕ ವಿವಾದಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶ ಬಿಟ್ಟಿತು. ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಇದೆಯೇ ಎಂದು ನೋಡುವುದಕ್ಕೆ ಮಾತ್ರ ಇದ್ದ ಆ ಅವಕಾಶ, ಹಲವು ಕಡೆ ವಾರಗಟ್ಟಲೆ ನಡೆಯುವ ಪಂಚಾಯ್ತಿಯಾಗಿ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ಸ್ವೀಕರಿಸಬೇಕು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಠಾಣೆಯಲ್ಲಿ ನಿರಾಕರಿಸಿದರೆ ಅಂಚೆಯ ಮೂಲಕ ಎಸ್‌ಪಿಯವರಿಗೆ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಅತ್ಯಾಚಾರ, ಆಸಿಡ್ ದಾಳಿಯಂಥ ಅಪರಾಧಗಳ ಮಾಹಿತಿಯನ್ನು ದಾಖಲಿಸದ ಅಧಿಕಾರಿಗೆ ಕನಿಷ್ಠ ಆರು ತಿಂಗಳ ಕಠಿಣ ಸಜೆ ವಿಧಿಸುವ ನಿಯಮ 2013ರಲ್ಲಿ ಬಂತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 199ರಲ್ಲಿದೆ. ಆ ಕಲಮಿನ ಪಟ್ಟಿಯಲ್ಲಿ ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ ಕಲಂ 85 ಸೇರಿಲ್ಲ. ಪಟ್ಟಿಯಲ್ಲಿರುವ ಅಪರಾಧವನ್ನು ಬರೆದುಕೊಳ್ಳದಿದ್ದರೆ ಈ ಶಿಕ್ಷೆಯ ಭಯವಿದೆ, ಗಂಡನ ಮನೆಯ ಕ್ರೌರ್ಯವನ್ನು ಬರೆದುಕೊಳ್ಳದಿದ್ದರೆ ಆ ಭಯವಿಲ್ಲ. ಶಾಸನವೇ ಹೀಗಿರುವಾಗ ಕಾನ್‌ಸ್ಟೆಬಲ್ ಒಬ್ಬರ ಮನೋಭಾವವನ್ನು ಮಾತ್ರ ದೂರುವುದು ನ್ಯಾಯವಾಗಲಾರದು ಎಂದು ನನಗೆ ಅನಿಸುತ್ತದೆ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಕಲಂ 5 ಪೊಲೀಸರಿಗೆ ಒಂದು ಸರಳ ಕರ್ತವ್ಯ ವಹಿಸಿದೆ. ರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವು ಇದೆ, ನೀವು ರಕ್ಷಣಾ ಆದೇಶ ಕೇಳಬಹುದು, ಜೊತೆಗೆ ಕ್ರಿಮಿನಲ್ ದೂರನ್ನೂ ಕೊಡಬಹುದು ಎಂದು ನೊಂದವಳಿಗೆ ತಿಳಿಸಬೇಕು, ಅಷ್ಟೇ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ರಕ್ಷಣಾಧಿಕಾರಿ. ಎಷ್ಟು ಬೀಟ್ ಸಭೆಗಳಲ್ಲಿ ಈ ಒಂದು ಮಾತನ್ನು ಯಾರಾದರೂ ಹೇಳಿದ್ದಾರೆ?

ಮಹಿಳಾ ಮುಖ್ಯ ಕಾನ್‌ಸ್ಟೆಬಲ್, ಕೋಲಾರ ಕಡೆ

ಹೆಸರು ಹೇಳಲಾರೆ, ಕ್ಷಮಿಸಿ. ಎಎಸ್‌ಐ ಸಾರ್ ಬರೆದದ್ದನ್ನು ಓದಿ ನಾನೂ ಬರೆಯಬೇಕೆನಿಸಿತು.

ನನಗೂ ಒಂದು ಬೀಟ್ ಇದೆ, ಕಾಗದದ ಮೇಲೆ. ನಾಲ್ಕು ಹಳ್ಳಿಗಳ ಹೆಸರು ನನ್ನ ಬೀಟ್ ಪುಸ್ತಕದಲ್ಲಿವೆ. ಆದರೆ ನನ್ನ ದಿನ ಹೇಗೆ ಹೋಗುತ್ತದೆ ಎಂದು ಕೇಳಿ. ಮಹಿಳಾ ಆರೋಪಿ ಇದ್ದರೆ ಬೆಂಗಾವಲಿಗೆ ನಾನೇ ಹೋಗಬೇಕು. ನೊಂದ ಹುಡುಗಿಯನ್ನು ವೈದ್ಯಕೀಯ ಪರೀಕ್ಷೆಗೆ ಕರೆದೊಯ್ಯುವವಳೂ ನಾನೇ. ಪ್ರತಿಭಟನೆಯಲ್ಲಿ ಹೆಂಗಸರು ಇದ್ದಾರೆಂದರೆ ಮುಂದೆ ನಿಲ್ಲುವವಳು ನಾನು. ಇವೆಲ್ಲ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತು ದಾಖಲೆ ತುಂಬಿಸಬೇಕು. ನನ್ನ ನಾಲ್ಕು ಹಳ್ಳಿಗಳಿಗೆ ನನ್ನ ಬದಲು ಬೇರೊಬ್ಬ ಸಹೋದ್ಯೋಗಿ ಬೈಕಿನಲ್ಲಿ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಾರೆ. ಪ್ರತಿ ಠಾಣೆಯಲ್ಲಿ ಕನಿಷ್ಠ 3 ಮಹಿಳಾ ಎಸ್‌ಐ ಮತ್ತು 10 ಮಹಿಳಾ ಕಾನ್‌ಸ್ಟೆಬಲ್ ಇರಬೇಕು, ಒಟ್ಟು ಪಡೆಯಲ್ಲಿ ಶೇಕಡ 33ರಷ್ಟು ಮಹಿಳೆಯರಿರಬೇಕು ಎಂದು ಕೇಂದ್ರ ಗೃಹ ಸಚಿವಾಲಯ 2013ರಲ್ಲೇ ರಾಜ್ಯಗಳಿಗೆ ಸಲಹೆ ಕೊಟ್ಟಿದೆ. ನಾನು ಕೆಲಸ ಮಾಡಿದ ಯಾವ ಗ್ರಾಮಾಂತರ ಠಾಣೆಯಲ್ಲೂ ಆ ಸಂಖ್ಯೆಯನ್ನು ನೋಡಿಲ್ಲ. ನಾಲ್ಕೈದು ಮಂದಿ ಇರುವ ಕಡೆ ಹೆಣ್ಣಿಗೆ ಸಂಬಂಧಿಸಿದ ಕೆಲಸವೆಲ್ಲ ನಮ್ಮ ಪಾಲಿಗೆ ಬರುತ್ತದೆ, ಅದು ಬಿಟ್ಟರೆ ಬೇರೆ ಕೆಲಸ ನಮಗೆ ಸಿಗುವುದಿಲ್ಲ. ತನಿಖೆ ಕಲಿಯಬೇಕೆಂದು ಕೇಳಿದಾಗ, "ಯಾಕಮ್ಮ, ರಾತ್ರಿ ಹೊತ್ತು ತಿರುಗಾಡುವ ಕೆಲಸ ನಿನಗೆ" ಎಂದು ಕಾಳಜಿಯಿಂದಲೇ ಹೇಳಿದವರಿದ್ದಾರೆ. ಮೇಡಂ ಅವರ ಶಾಲೆಯ ಹುಡುಗಿಯರಿಗೆ ಹೇಳಿದ್ದೂ ಇದೇ ಮಾತು ಅಲ್ಲವೇ?

ಇನ್ನೊಂದು ಮಾತನ್ನು ಹೇಳಲು ನನಗೆ ಸಂಕೋಚವಿದೆ, ಆದರೂ ಮುಚ್ಚಿಡಬಾರದು. ಮಹಿಳಾ ಸಿಬ್ಬಂದಿ ಇದ್ದಕೂಡಲೇ ನೊಂದವಳಿಗೆ ಧೈರ್ಯ ಬರುತ್ತದೆ ಎಂದು ಭಾವಿಸಬೇಡಿ. "ನಾವೂ ಅನುಭವಿಸಿಲ್ಲವಾ, ಹೊಂದಿಕೊಂಡು ಹೋಗಮ್ಮ" ಎಂಬ ಮಾತನ್ನು ನನ್ನ ಬಾಯಿಂದಲೇ ನಾನು ಹೇಳಿದ್ದೇನೆ, ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ. ಹಿರಿಯರು ಆಡುತ್ತಿದ್ದ ಮಾತು ಅದು, ನಾನೂ ಅದನ್ನೇ ಕಲಿತೆ.

ಬದಲಾದದ್ದು ಒಂದು ಸಣ್ಣ ಘಟನೆಯಿಂದ. ನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಶಿಫ್ಟ್‌ಗೆ ಹೋಗುವ ಹುಡುಗಿಯರು ಬಾಡಿಗೆಗೆ ಇರುವ ಒಂದು ಹಳ್ಳಿಯಲ್ಲಿ, ಸ್ವಸಹಾಯ ಸಂಘದವರು ಕಂತು ಕಟ್ಟುವ ದಿನ ನಾನು ಜೀಪು ಬಿಟ್ಟು ನಡೆದು ಹೋಗಿ ಕೂತೆ. ಮೊದಲ ಸಲ ಯಾರೂ ಏನೂ ಹೇಳಲಿಲ್ಲ. ಎರಡನೆಯ ಸಲ ಬೀದಿದೀಪದ ಮಾತು ಬಂತು. ಮೂರನೆಯ ಸಲ ಸಭೆ ಮುಗಿದ ಮೇಲೆ ಒಬ್ಬರು ನನ್ನ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಬಂದು, ಬಾಡಿಗೆ ಮನೆಯ ಮಾಲೀಕನ ವಿಷಯ ಹೇಳಿದರು. ಆ ಮಾಲೀಕ ಆ ಊರಿನ ಬೀಟ್ ಸಮಿತಿಯ ಸದಸ್ಯ. ಅರಳಿಕಟ್ಟೆಯ ಸಭೆಯಲ್ಲಿ ಆ ಮಾತು ಎಂದಾದರೂ ಬರುತ್ತಿತ್ತೇ?

ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವನು, ಶಿರಾ

ಎಲ್ಲರ ಅನುಭವವನ್ನೂ ಗೌರವಿಸುತ್ತೇನೆ. ಆದರೂ ಒಂದು ಸಂದೇಹವಿದೆ. ಜಿಲ್ಲಾ ಕೇಂದ್ರದಲ್ಲಿ ಮಹಿಳಾ ಪೊಲೀಸ್ ಠಾಣೆ ಇದೆ, ತುರ್ತು ಕರೆಗೆ 112 ಇದೆ, 181 ಮಹಿಳಾ ಸಹಾಯವಾಣಿ ಇದೆ, ನೊಂದ ಮಹಿಳೆಯರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರ ಇದೆ. ಇಷ್ಟಿದ್ದ ಮೇಲೆ ಬೀಟ್ ಸಮಿತಿಯಲ್ಲೂ ಇದೇ ವಿಷಯ ಚರ್ಚೆಯಾಗಬೇಕೇ? ಸುಳ್ಳು ದೂರುಗಳೂ ಬರುತ್ತವೆ, ಅದಕ್ಕಾಗಿಯೇ ಅಲ್ಲವೇ 2014ರಲ್ಲಿ ಅರ್ನೇಶ್ ಕುಮಾರ್ ತೀರ್ಪು ಬಂದದ್ದು?

ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಪಾವಗಡ ತಾಲ್ಲೂಕು

ತಮ್ಮಾ, ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಹೋಗಿ ಬರುವುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ದುಡ್ಡು ಬೇಡದಿದ್ದರೂ ಮನೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂಬುದಕ್ಕೆ ಉತ್ತರ ಬೇಕು. ಮಹಿಳಾ ಠಾಣೆ ಇರುವುದು ಒಳ್ಳೆಯದೇ. ಆದರೆ ಅದು ಇದೆ ಎಂಬ ಕಾರಣಕ್ಕೆ ಹತ್ತಿರದ ಠಾಣೆಯವರು "ಅಲ್ಲಿಗೆ ಹೋಗಿ" ಎಂದು ಕಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಕೀಲರು ಹೇಳಿದ ಕಲಂ 173ರ ವಿಷಯ ಅಂದು ನನಗೆ ಗೊತ್ತಿದ್ದರೆ ಅಲ್ಲೇ ಕೇಳುತ್ತಿದ್ದೆ.

ಮನೆಗೆ ಬಂದ ಪೊಲೀಸರ ವಿಷಯವನ್ನೂ ಹೇಳುತ್ತೇನೆ. ಬಾಗಿಲು ತೆಗೆದದ್ದು ನಾನು. ಅವರು ಕೇಳಿದ ಮೊದಲ ಪ್ರಶ್ನೆ, "ಯಜಮಾನರಿಲ್ಲವಾ?" ಹೊಲಕ್ಕೆ ಹೋಗಿದ್ದಾರೆ ಎಂದೆ. ಅವರ ಫೋನ್ ನಂಬರ್ ಬರೆದುಕೊಂಡು, ಏನಾದರೂ ತೊಂದರೆ ಇದ್ದರೆ ತಿಳಿಸಿ ಎಂದು ಹೇಳಿ ಹೋದರು. ನನ್ನ ನಂಬರ್ ಕೇಳಲಿಲ್ಲ. ಪಕ್ಕದ ಮನೆಯಲ್ಲಿ ಕುಡಿದು ಹೊಡೆಯುವವನೇ ಬಾಗಿಲಲ್ಲಿ ನಿಂತು "ಏನೂ ತೊಂದರೆ ಇಲ್ಲ ಸಾರ್" ಎಂದ. ಅವರು ಅದನ್ನೇ ಬರೆದುಕೊಂಡರು. ಆ ಹುಡುಗಿ ಒಳಗೆ ಒಲೆಯ ಮುಂದೆ ಇದ್ದಳು.

ಇನ್ನೊಂದು ಮಾತು ಯಾರೂ ಹೇಳಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ನಮ್ಮ ಊರಿನ ಕಟ್ಟೆ ಇರುವುದು ದೇವಸ್ಥಾನದ ಮುಂದೆ. ನಮ್ಮ ಕಾಲೋನಿಯ ಗಂಡಸರೇ ಅಲ್ಲಿ ಕೂರಲು ಹಿಂಜರಿಯುತ್ತಾರೆ. ಅಂದ ಮೇಲೆ ನಮ್ಮ ಹೆಂಗಸರು ಅಲ್ಲಿಗೆ ಹೋಗಿ ದೂರು ಹೇಳುವುದು ಆಗದ ಮಾತು. ಸುಳ್ಳು ದೂರು ಎಂದು ಹೇಳುತ್ತೀಯಲ್ಲ ತಮ್ಮಾ, ನಮ್ಮ ಕೇರಿಯಲ್ಲಿ ನಿಜವಾದ ದೂರೇ ಠಾಣೆಯ ಬಾಗಿಲು ಕಂಡಿಲ್ಲ.

ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವನು, ಶಿರಾ

ಅಕ್ಕಾ, ನಿಮ್ಮ ಮಾತು ಒಪ್ಪಿದೆ. ಯಜಮಾನರನ್ನು ಕೇಳುವುದರಲ್ಲಿ ತಪ್ಪಿದೆ ಎಂದು ನನಗೆ ಇದುವರೆಗೆ ಹೊಳೆದೇ ಇರಲಿಲ್ಲ. ನಾನು ಹೋಗಿದ್ದರೂ ಅದನ್ನೇ ಕೇಳುತ್ತಿದ್ದೆ.

ವಕೀಲ, ಚಿಂತಾಮಣಿ

ಅರ್ನೇಶ್ ಕುಮಾರ್ ತೀರ್ಪಿನ ಬಗ್ಗೆ ಒಂದೇ ಸ್ಪಷ್ಟನೆ. ಆ ತೀರ್ಪು ಯಾಂತ್ರಿಕವಾಗಿ ಬಂಧಿಸಬೇಡಿ, ಬಂಧನಕ್ಕೆ ಕಾರಣ ಬರೆಯಿರಿ ಎಂದು ಹೇಳಿದೆ. ದೂರು ಬರೆದುಕೊಳ್ಳಬೇಡಿ ಎಂದು ಎಲ್ಲಿಯೂ ಹೇಳಿಲ್ಲ. ಈ ಎರಡನ್ನೂ ಒಂದೇ ಎಂಬಂತೆ ಠಾಣೆಗಳಲ್ಲಿ ಹೇಳಲಾಗುತ್ತದೆ. ಪರೀಕ್ಷೆಗೆ ಓದುವಾಗಲೇ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಸಮಾಜಕಾರ್ಯ ಉಪನ್ಯಾಸಕ, ತುಮಕೂರು

ಚರ್ಚೆಗೆ ಪೂರಕವಾಗಿ ಎರಡು ಅಧ್ಯಯನಗಳ ಫಲಿತಾಂಶವನ್ನು ಹೇಳಬಯಸುತ್ತೇನೆ, ಏಕೆಂದರೆ ಅವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಮೇಡಂ ಅವರ ಪ್ರಶ್ನೆಯ ಆಳ ತಿಳಿಯುತ್ತದೆ.

ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡ ಎಂಬ ಆರು ದೇಶಗಳಲ್ಲಿ ಸಮುದಾಯ ಪೊಲೀಸ್ ವ್ಯವಸ್ಥೆಯನ್ನು ಪ್ರಯೋಗ ಮಾಡಿ ನೋಡಿದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಫಲಿತಾಂಶ ನಿರಾಶೆ ಹುಟ್ಟಿಸುವಂಥದ್ದು. ಸಭೆಗಳು, ಗಸ್ತು, ಜನಸಂಪರ್ಕ ಎಲ್ಲವೂ ನಡೆದರೂ ಜನರಿಗೆ ಪೊಲೀಸರ ಮೇಲೆ ವಿಶ್ವಾಸ ಹೆಚ್ಚಲಿಲ್ಲ, ಅಪರಾಧವೂ ಇಳಿಯಲಿಲ್ಲ. ಮೇಲಧಿಕಾರಿಗಳ ಆಸ್ಥೆಯ ಕೊರತೆ, ಪದೇ ಪದೇ ವರ್ಗಾವಣೆ, ಜನರು ಹೇಳಿದ್ದಕ್ಕೆ ಸ್ಪಂದಿಸಲು ಬೇಕಾದ ಸಂಪನ್ಮೂಲ ಇಲ್ಲದಿರುವುದು, ಇವು ಅವರು ಗುರುತಿಸಿದ ಅಡ್ಡಿಗಳು. ಮುಖ್ಯ ಕಾನ್‌ಸ್ಟೆಬಲ್ ಮೇಡಂ ಅವರ ಮೂರನೆಯ ಭೇಟಿಯಲ್ಲಿ ಮಾತ್ರ ಮಾತು ಹೊರಬಂತು ಎಂಬುದನ್ನು ಇದರ ಜೊತೆ ಇಟ್ಟು ಓದಿ. ಎರಡನೆಯ ಭೇಟಿಯಾದ ಮೇಲೆ ಅವರಿಗೆ ವರ್ಗವಾಗಿದ್ದರೆ ಆ ಬಾಡಿಗೆಮನೆಯ ಸಂಗತಿ ಅಲ್ಲೇ ಉಳಿಯುತ್ತಿತ್ತು.

ಎರಡನೆಯದು ಮಧ್ಯಪ್ರದೇಶದ್ದು, 2022ರಲ್ಲಿ ಪ್ರಕಟವಾಯಿತು. ಅಲ್ಲಿನ 180 ಠಾಣೆಗಳನ್ನು ಆರಿಸಿ, ಕೆಲವು ಕಡೆ ಮಹಿಳಾ ಸಹಾಯ ಕೇಂದ್ರಗಳನ್ನು ತೆರೆದು, ಸಿಬ್ಬಂದಿಗೆ ತರಬೇತಿ ಕೊಟ್ಟು, ಸುತ್ತಲಿನ ಮಹಿಳಾ ಗುಂಪುಗಳ ಜೊತೆ ಸಂಪರ್ಕ ಬೆಳೆಸಲಾಯಿತು. ಸಹಾಯ ಕೇಂದ್ರ ಇದ್ದ ಠಾಣೆಗಳಲ್ಲಿ ಮಹಿಳೆಯರ ಪ್ರಕರಣಗಳ ದಾಖಲಾತಿ ಹೆಚ್ಚಿತು. ಎಫ್‌ಐಆರ್ ಹೆಚ್ಚಿದ್ದು ಮುಖ್ಯವಾಗಿ ಮಹಿಳಾ ಅಧಿಕಾರಿಗಳೇ ಕೇಂದ್ರವನ್ನು ನಡೆಸಿದ ಕಡೆ.

ಹೀಗಾಗಿ 'ಸಮುದಾಯ' ಎಂದು ಸಾಮಾನ್ಯವಾಗಿ ಕರೆದು ಎಲ್ಲರನ್ನೂ ಒಂದೆಡೆ ಸೇರಿಸುವುದರಿಂದ ಆಗದ ಕೆಲಸ, ಮಹಿಳೆಯರಿಗೆ ಎಂದೇ ಜಾಗ, ಸಿಬ್ಬಂದಿ, ತರಬೇತಿ ಕೊಟ್ಟಾಗ ಸ್ವಲ್ಪವಾದರೂ ಆಗಿದೆ. ಎಚ್ಚರಿಕೆಯ ಒಂದು ಉದಾಹರಣೆಯೂ ನೆರೆಯಲ್ಲೇ ಇದೆ. ತಮಿಳುನಾಡಿನಲ್ಲಿ 1993ರಲ್ಲಿ ಆರಂಭವಾದ 'ಫ್ರೆಂಡ್ಸ್ ಆಫ್ ಪೊಲೀಸ್' ಎಂಬ ಸ್ವಯಂಸೇವಕ ವ್ಯವಸ್ಥೆಯನ್ನು 2020ರಲ್ಲಿ ಸಾತಾನ್‌ಕುಳಂ ಲಾಕಪ್ ಸಾವುಗಳ ನಂತರ ಅಲ್ಲಿನ ಸರ್ಕಾರ ನಿಷೇಧಿಸಿತು. ಪೊಲೀಸರ ಪಕ್ಕ ನಿಲ್ಲುವ ನಾಗರಿಕರ ಮೇಲೆ ಯಾರ ನಿಗಾ ಇರುತ್ತದೆ ಎಂಬುದನ್ನು ಸಮಿತಿಯ ಪಟ್ಟಿ ಮಾಡುವ ಮೊದಲೇ ಕೇಳಬೇಕು.

ನಿವೃತ್ತ ಎಎಸ್‌ಐ, ತುಮಕೂರು

ಉಪನ್ಯಾಸಕರು ಹೇಳಿದ ಸಹಾಯ ಕೇಂದ್ರ ನನಗೆ ಸರಿಯೆನಿಸುತ್ತದೆ. ಪ್ರತಿ ಠಾಣೆಯಲ್ಲಿ ಒಂದು ಮೇಜು, ಒಬ್ಬ ಮಹಿಳಾ ಸಿಬ್ಬಂದಿ. ಹಳ್ಳಿ ಸುತ್ತುವ ಕೆಲಸ ಗಂಡಸರಿಗಿರಲಿ.

ಮಹಿಳಾ ಮುಖ್ಯ ಕಾನ್‌ಸ್ಟೆಬಲ್, ಕೋಲಾರ ಕಡೆ

ಸಾರ್, ನೀವು ಹಿರಿಯರು, ಆದರೂ ಇದನ್ನು ನಾನು ಒಪ್ಪಲಾರೆ. ಮೇಜು ಬೇಕು. ಮೇಜು ಮಾತ್ರ ಕೊಟ್ಟರೆ ನಾವು ಮತ್ತೆ ಠಾಣೆಯ ಮೂಲೆಯಲ್ಲೇ ಕೂರುತ್ತೇವೆ, ಮತ್ತು ಠಾಣೆಯ ಮೆಟ್ಟಿಲು ಹತ್ತುವ ಧೈರ್ಯವಿದ್ದವರು ಮಾತ್ರ ನಮ್ಮನ್ನು ಕಾಣುತ್ತಾರೆ. ಹೆಣ್ಣಿನ ವಿಷಯ ಮಹಿಳಾ ಸಿಬ್ಬಂದಿಯ ಕೆಲಸ ಎಂದು ಒಮ್ಮೆ ಹಂಚಿದ ಮೇಲೆ ಉಳಿದವರಿಗೆ ಅದನ್ನು ಕಲಿಯುವ ಅಗತ್ಯವೇ ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ 112ಕ್ಕೆ ಕರೆ ಬಂದಾಗ ಆ ಮನೆಯ ಬಾಗಿಲಿಗೆ ಮೊದಲು ಹೋಗುವವರು ಬಹುತೇಕ ಗಂಡಸರೇ. ಅವರ ಬಾಯಲ್ಲಿ ಆ ಕ್ಷಣದಲ್ಲಿ ಬರುವ ಮೊದಲ ಮಾತು ಏನು ಎಂಬುದರ ಮೇಲೆ ಅವಳು ಮುಂದೆ ಎಂದಾದರೂ ಕರೆ ಮಾಡುತ್ತಾಳೋ ಇಲ್ಲವೋ ಎಂಬುದು ನಿಂತಿದೆ.

ನಿವೃತ್ತ ಎಎಸ್‌ಐ, ತುಮಕೂರು

ಒಪ್ಪಿದೆನಮ್ಮ. ಆ ಮೊದಲ ಮಾತು ನನ್ನ ಬಾಯಲ್ಲಿ ಏನಿರುತ್ತಿತ್ತು ಎಂದು ನೆನಪಾಯಿತು. "ಏನು ಮಾಡಿದೆ ನೀನು, ಅವನು ಹೊಡೆಯುವಂಥದ್ದು?"

ಪ್ರೌಢಶಾಲಾ ಶಿಕ್ಷಕಿ, ಚಿಕ್ಕಬಳ್ಳಾಪುರ ಜಿಲ್ಲೆ

ಎಲ್ಲರಿಗೂ ಧನ್ಯವಾದಗಳು. ಇದನ್ನೆಲ್ಲ ಓದಿದ ಮೇಲೆ ನಮ್ಮ ಬೀಟ್ ಕಾನ್‌ಸ್ಟೆಬಲ್ ಅವರನ್ನು ಶಾಲೆಗೇ ಕರೆದು ಮಾತಾಡಿದೆ. ಇನ್ನೂ ಮೂವತ್ತು ದಾಟದ ಹುಡುಗ. ಅರಳಿಕಟ್ಟೆಯ ಸಭೆ ಹಾಗೆಯೇ ನಡೆಯಲಿ, ಅದರ ಜೊತೆಗೆ ತಿಂಗಳಿಗೊಂದು ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಅಂಗನವಾಡಿಯಲ್ಲಿ, ಇನ್ನೊಂದನ್ನು ಕಾಲೋನಿಯ ಸಮುದಾಯ ಭವನದಲ್ಲಿ ಮಾಡೋಣ, ಮಹಿಳಾ ಸಿಬ್ಬಂದಿಯೊಬ್ಬರು ಪ್ರತಿ ಸಲವೂ ಅವರೇ ಬರುವಂತೆ ಆಗಲಿ ಎಂದು ಕೇಳಿದೆ. ಜಾಗ ಬದಲಾಯಿಸುವುದು ತನ್ನ ಕೈಯಲ್ಲಿದೆ, ಸಿಬ್ಬಂದಿಯ ವಿಷಯವನ್ನು ಪಿಎಸ್‌ಐ ಅವರ ಬಳಿ ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟಿದ್ದೇನೆ. ಹೆಣ್ಣುಮಕ್ಕಳು ಬಸ್ಸಿಗೆ ಹೋಗುವ ದಾರಿಯಲ್ಲಿ ಸಂಜೆ ಆರರಿಂದ ಆರೂವರೆಯವರೆಗೆ ಗಸ್ತು ಹಾಕುವುದಾಗಿ ಅವರಾಗಿಯೇ ಹೇಳಿದರು, ಈ ವಾರ ನಾಲ್ಕು ದಿನ ಬಂದಿದ್ದಾರೆ.

ಸಮಿತಿಯ ಒಬ್ಬ ಸದಸ್ಯರು ನನ್ನ ಮೇಲೆ ಬೇಸರ ಮಾಡಿಕೊಂಡಿದ್ದಾರೆ. ಊರಿನಲ್ಲಿ ಎರಡು ಸಭೆ ಮಾಡಿ ಗಂಡು ಹೆಣ್ಣು ಎಂದು ಒಡೆಯುತ್ತಿದ್ದೀರಿ ಎಂಬುದು ಅವರ ಆಕ್ಷೇಪ. ಅವರಿಗೆ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ. ಮುಖ್ಯ ಕಾನ್‌ಸ್ಟೆಬಲ್ ಮೇಡಂ, ಮುಂದಿನ ಗುರುವಾರ ಅಂಗನವಾಡಿಯಲ್ಲಿ ಮೊದಲ ಸಭೆ. ಬರುವ ಸಿಬ್ಬಂದಿಗೆ ನಾನು ಮುಂಚಿತವಾಗಿ ಏನು ಹೇಳಲಿ?

ಮಹಿಳಾ ಮುಖ್ಯ ಕಾನ್‌ಸ್ಟೆಬಲ್, ಕೋಲಾರ ಕಡೆ

ಮೊದಲ ದಿನ ಬೀಟ್ ಪುಸ್ತಕ ತೆಗೆಯುವುದು ಬೇಡ ಎಂದು ಹೇಳಿ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಬೇಡ, ಆ ಗುಂಪಿನಲ್ಲಿ ಗಂಡಂದಿರೂ ಮಾವಂದಿರೂ ಇರುತ್ತಾರೆ. ಕುರ್ಚಿ ಹಾಕಿಸಬೇಡಿ, ಎಲ್ಲರ ಜೊತೆ ಚಾಪೆಯ ಮೇಲೆ ಕೂರಲಿ. ಬೀದಿದೀಪ, ಬಸ್ಸಿನ ಸಮಯ, ಅಂಗಡಿಯ ಮುಂದೆ ಕುಡಿಯುವವರು, ಅವರು ಏನು ಹೇಳುತ್ತಾರೋ ಅಷ್ಟನ್ನು ಕೇಳಲಿ. ಮನೆಯೊಳಗಿನ ವಿಷಯವನ್ನು ಸಭೆಯಲ್ಲಿ ಯಾರನ್ನೂ ಕೇಳುವುದು ಬೇಡ. ಹೊರಡುವಾಗ ತಮ್ಮ ನಂಬರನ್ನು ಪ್ರತಿಯೊಬ್ಬರಿಗೂ ಕೈಯಲ್ಲಿ ಬರೆದು ಕೊಡಲಿ, ಮತ್ತು ಮುಂದಿನ ತಿಂಗಳು ಯಾವ ದಿನ ಬರುತ್ತೇನೆ ಎಂದು ಹೇಳಿ, ಆ ದಿನ ಬರಲಿ.